ಆಟದ ಪುಸ್ತಕಗಳಿಗೆ ಚಿತ್ರ ಕಳಿಸುವ ಬಗೆ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಫಲಕದ ಮೇಲೆ ಬರೆದಾಗ, ಆಟಕ್ಕೂ ನಮ್ಮ ಹೊಟ್ಟೆಪಾಡಿಗೂ ಏನು ಸಂಬಂಧ ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸ್ಪಿನ್ನಿಂಗ್ ಖಾತೆಯಲ್ಲಿ ದುಡಿಯುವ ನಮ್ಮ ತರುಣರೊಬ್ಬರು ಹಳೆಯ ಲೆಜರ್ ಹಾಳೆಗಳ ಹಿಂಬದಿಯಲ್ಲಿ ಬಹಳ ಚೆನ್ನಾಗಿ ಚಿತ್ರ ಬಿಡಿಸುತ್ತಾರೆ. ಅಮೆರಿಕದ ಆಟದ ಪುಸ್ತಕಗಳಿಗೆ ಚಿತ್ರ ಕಳಿಸಬಹುದೆಂದು ಅವರಿಗೆ ಯಾರೋ ಹೇಳಿದರು. ಇನ್ನಾರೋ, ಮೊದಲು ನೋಂದಣಿಗೆ ಹಣ ಕಟ್ಟಬೇಕೆಂದರು. ಮೊದಲನೆಯ ಮಾತು ನಿಜ. ಎರಡನೆಯದು ಮೋಸ. ಇವೆರಡರ ನಡುವೆ ಇರುವುದನ್ನು ತಿಳಿದಷ್ಟು ಹೇಳುವುದಕ್ಕಾಗಿ ನಾನು ಇಲ್ಲಿ ನಿಂತಿದ್ದೇನೆ.

ತಾಳಮದ್ದಳೆ ಕಂಡವರಿಗೆ ಈ ಆಟವನ್ನು ತಿಳಿಸುವುದು ಸುಲಭ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಅರ್ಥಧಾರಿಗಳು ಕುಳಿತಲ್ಲೇ ಕೃಷ್ಣನೂ ಕೌರವನೂ ಆಗಿ ಮಾತು ಬೆಳೆಸುತ್ತಾರೆ. ಇಲ್ಲಿಯೂ ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಭಾಗವತರ ಸ್ಥಾನದಲ್ಲಿ ಕುಳಿತು ಕಥೆ ನಡೆಸುತ್ತಾನೆ, ಉಳಿದವರದು ಒಂದೊಂದು ಪಾತ್ರ. ಆದರೆ ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಬೀಸಿದ ಕತ್ತಿ ತಾಗಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಪಗಡೆಯ ದಾಳವಲ್ಲ, ಇಪ್ಪತ್ತು ಮುಖದ ದಾಳವೂ ಅವುಗಳಲ್ಲಿ ಉಂಟು. ಈ ಆಟಕ್ಕೆ ಬೇಕಾದ ನಿಯಮಗಳು, ರಾಜ್ಯಗಳು, ರಾಕ್ಷಸರು ಎಲ್ಲವೂ ದಪ್ಪ ಪುಸ್ತಕಗಳಲ್ಲಿರುತ್ತವೆ. ಆಡುವವರ ಕಣ್ಣ ಮುಂದೆ ರಂಗಸ್ಥಳವಿಲ್ಲವಾದ್ದರಿಂದ ಆ ಪುಸ್ತಕಗಳ ಪುಟಪುಟಕ್ಕೂ ಚಿತ್ರ ಬೇಕು. ಚಿತ್ರಗಾರನಿಗೆ ಕೆಲಸ ಹುಟ್ಟುವುದು ಅಲ್ಲಿ.

ಇವುಗಳಲ್ಲಿ ಹೆಸರಾದದ್ದು 'ಡಂಜನ್ಸ್ ಅಂಡ್ ಡ್ರಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಇದು 1974ರಲ್ಲಿ ಹೊರಬಂತು. ಮೂರು ತೆಳು ಪುಸ್ತಿಕೆಗಳ ಒಂದು ಪೆಟ್ಟಿಗೆ, ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ. ಅದರ ಕೆಲವು ಚಿತ್ರಗಳು ಕಾಮಿಕ್ಸ್ ಪುಸ್ತಕದ ಆಕೃತಿಗಳನ್ನೇ ನೋಡಿ ಎತ್ತಿದವೆಂದು ಮುಂದೆ ಬಯಲಾಯಿತು. ಇಂದು ಹಾಗೆ ಮಾಡಿದವನಿಗೆ ಎರಡನೆಯ ಸಲ ಯಾರೂ ಕೆಲಸ ಕೊಡುವುದಿಲ್ಲ. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿದ್ದ ಟಿ.ಎಸ್.ಆರ್. ಕಂಪನಿ ಇದನ್ನು ಅಚ್ಚು ಹಾಕುತ್ತಿತ್ತು. 1980ರ ದಶಕದಲ್ಲಿ ಲ್ಯಾರಿ ಎಲ್ಮೋರ್, ಜೆಫ್ ಈಸ್ಲಿ ಮೊದಲಾದ ಚಿತ್ರಗಾರರು ಅಲ್ಲಿ ಸಂಬಳದ ಮೇಲೆ ಕುಳಿತು ಬಣ್ಣ ಹಚ್ಚಿದರು. 1997ರಲ್ಲಿ ಆ ಕಂಪನಿಯನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು. 1999ರಲ್ಲಿ ಅದನ್ನೂ ಹ್ಯಾಸ್ಬ್ರೋ ಕೊಂಡಿತು. ಈಗ ಹೆಚ್ಚಿನ ಚಿತ್ರಗಳು ಹೊರಗಿನವರಿಗೆ ಬಿಡಿ ಕೆಲಸವಾಗಿ ಹೋಗುತ್ತವೆ. ಚಿತ್ರಗಾರನು ಲೇಕ್ ಜಿನೀವಾದಲ್ಲಿರಬೇಕಾದ್ದಿಲ್ಲ, ಭಿವಂಡಿಯಲ್ಲಿದ್ದರೂ ನಡೆದೀತು.

ಇಲ್ಲೊಬ್ಬರ ಹೆಸರು ಹೇಳಬೇಕು: ಡೇವಿಡ್ ಟ್ರ್ಯಾಂಪಿಯರ್. 1978ರಲ್ಲಿ ಬಂದ ಆಟಗಾರರ ಕೈಪಿಡಿಯ ಮುಖಚಿತ್ರ ಅವರದು. ದೈತ್ಯವಿಗ್ರಹವೊಂದರ ಕಣ್ಣಿನ ರತ್ನವನ್ನು ಕಳ್ಳರಿಬ್ಬರು ಮೀಟಿ ತೆಗೆಯುತ್ತಿರುವ ಆ ಚಿತ್ರವನ್ನು ಆ ಆಟದವರು ಇಂದಿಗೂ ಮರೆತಿಲ್ಲ. 1988ರಲ್ಲಿ ಅವರು ಚಿತ್ರದ ಕೆಲಸವನ್ನು ಹಠಾತ್ತನೆ ಬಿಟ್ಟು ಮರೆಯಾದರು. ವರ್ಷಗಳ ಮೇಲೆ ಇಲಿನಾಯ್ ಸಂಸ್ಥಾನದ ಕಾರ್ಬನ್‌ಡೇಲ್ ಊರಿನಲ್ಲಿ ಟ್ಯಾಕ್ಸಿ ನಡೆಸುತ್ತಿದ್ದುದು ತಿಳಿದುಬಂತು. 2014ರಲ್ಲಿ ತೀರಿಕೊಂಡರು. ಅವರು ಬಿಟ್ಟ ಕಾರಣವನ್ನು ನಾವು ಊಹಿಸುವುದು ಬೇಡ. ಚಿತ್ರಕ್ಕೆ ಬಂದ ಕೀರ್ತಿ ಚಿತ್ರಗಾರನ ಅಡುಗೆಮನೆಯವರೆಗೆ ಬಂದೇ ಬರುತ್ತದೆಂಬ ಭರವಸೆಯಿಲ್ಲ ಎಂದು ಮಾತ್ರ ಹೇಳುತ್ತೇನೆ. ಮಿಲ್ಲಿನ ಕೆಲಸ ಬಿಟ್ಟು ಇದಕ್ಕೇ ಇಳಿಯಲೇ ಎಂದು ಆ ತರುಣರು ಕೇಳಿದಾಗ, ಪಾಳಿ ಮುಗಿಸಿ ಬಂದು ಬಿಡಿಸಿ ಎಂದೆ.

ಈಗ ಚಿತ್ರಸಂಪುಟದ ಮಾತು. ಅವರು ಇದನ್ನು ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಇದ್ದಬದ್ದ ನೂರು ಚಿತ್ರ ಕಳಿಸಬಾರದು. ಹತ್ತು ಹನ್ನೆರಡು ಸಾಕು. ಆ ಹನ್ನೆರಡರಲ್ಲಿ ಒಂದು ಸೋತದ್ದಿದ್ದರೆ ಕಲಾ ನಿರ್ದೇಶಕರ ಕಣ್ಣು ಅದರ ಮೇಲೆಯೇ ಕೂರುತ್ತದೆ. ನಮ್ಮಲ್ಲಿ ಪೆನ್ಸಿಲಿನಲ್ಲಿ ಡಾ. ರಾಜ್‌ಕುಮಾರ್ ಮುಖವನ್ನು ಜೀವ ಬರುವಂತೆ ಬಿಡಿಸುವವರು ಎಷ್ಟೋ ಜನರಿದ್ದಾರೆ. ಅದನ್ನು ಗೋಡೆಗೆ ಹಾಕೋಣ, ಸಂಪುಟಕ್ಕೆ ಬೇಡ. ಫೋಟೋ ನೋಡಿ ಬರೆದ ಮುಖದಿಂದ, ಕಾಣದ್ದನ್ನು ಈತ ಕಟ್ಟಬಲ್ಲನೇ ಎಂಬುದು ಅವರಿಗೆ ತಿಳಿಯದು. ಅವರಿಗೆ ಬೇಕಾದದ್ದು ತಲೆಯಿಂದ ಕಾಲಿನವರೆಗೆ ನಿಂತ ಮನುಷ್ಯ. ಕೈಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿದರೆ ಅವರು ಒಡನೆ ಹಿಡಿಯುತ್ತಾರೆ. ಮೂರು ನಾಲ್ಕು ಜನ ಸೇರಿ ಏನನ್ನಾದರೂ ಮಾಡುತ್ತಿರುವ ದೃಶ್ಯ, ಒಂದು ಪ್ರಾಣಿ ಅಥವಾ ಭೂತ, ಒಂದು ಸ್ಥಳ, ಇವೂ ಇರಲಿ. ಒಂದೇ ಪಾತ್ರವನ್ನು ಎರಡು ಭಂಗಿಗಳಲ್ಲಿ ಬರೆದು ಎರಡರಲ್ಲೂ ಅವನೇ ಎಂದು ಗುರುತಾಗುವಂತಿದ್ದರೆ ಅದೊಂದು ದೊಡ್ಡ ಬಲ. ಬಣ್ಣ ಬಾರದವರು ಎದೆಗುಂದಬೇಕಾಗಿಲ್ಲ; ಕಪ್ಪು ಶಾಯಿಯ ಗೆರೆಚಿತ್ರಗಳಿಗೆ, ಅದರಲ್ಲೂ ಸಣ್ಣ ಪ್ರಕಾಶಕರಲ್ಲಿ, ಬೇಡಿಕೆ ಉಂಟು.

ಊರಿನದನ್ನು ಬರೆಯಬಹುದೇ ಎಂದು ಕೆಲವರು ಕೇಳಿದರು. ಧಾರಾಳವಾಗಿ. 1980ರಲ್ಲಿಯೇ ಆ ಕಂಪನಿಯ ದೇವತೆಗಳ ಪುಸ್ತಕವೊಂದರಲ್ಲಿ ಭಾರತದ ದೇವತೆಗಳ ಅಧ್ಯಾಯವಿತ್ತು, ಇಂದ್ರನ ಬಲಕ್ಕೂ ಅಂಕಿ ಹಾಕಿದ್ದರು! 2022ರ ಒಂದು ಪುಸ್ತಕದಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಮಿಮಿ ಮಂಡಲ್ ಅವರು ಬಂಗಾಳದ ನೆಲದ ಛಾಯೆಯ ಕಥೆಯೊಂದನ್ನು ಬರೆದಿದ್ದಾರೆ. ಸೀರೆಯ ನೆರಿಗೆ ಹೇಗೆ ಬೀಳುತ್ತದೆ, ಭೂತದ ಅಣಿ ಹೇಗೆ ಕಟ್ಟುತ್ತಾರೆ ಎಂಬುದನ್ನು ಕಣ್ಣಾರೆ ಕಂಡ ಕೈಗೆ ಅಲ್ಲಿ ಬೆಲೆಯುಂಟು. ಜೊತೆಗೆ ಅವರ ಪುಸ್ತಕದ ಧಾಟಿಯಲ್ಲೂ ಒಂದೆರಡು ಚಿತ್ರವಿರಲಿ.

ಅಚ್ಚಿಗೆ ಹೋಗುವ ಚಿತ್ರವನ್ನು ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಬೇಕು. ಅವರ ಪುಟ ಸಾಮಾನ್ಯವಾಗಿ ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಎತ್ತರ. ಅಂದರೆ ಪೂರ್ಣ ಪುಟಕ್ಕೆ 2550 ಮತ್ತು 3300 ಪಿಕ್ಸೆಲ್. ಪುಟದಂಚಿಗೆ ತಾಗುವ ಚಿತ್ರವಾದರೆ ಕತ್ತರಿಗೆ ಹೋಗಲೆಂದು ಸುತ್ತಲೂ ಇಂಚಿನ ಎಂಟನೆಯ ಒಂದು ಭಾಗ ಹೆಚ್ಚು ಬಿಡುವುದು ರೂಢಿ. ಮೊದಲ ಪತ್ರಕ್ಕೆ ಇಷ್ಟು ದೊಡ್ಡ ಕಡತ ಬೇಡ. ಚಿಕ್ಕ ಪ್ರತಿಗಳೂ, ಉಳಿದವನ್ನು ನೋಡಲು ಒಂದು ಕೊಂಡಿಯೂ ಸಾಕು. ಎಷ್ಟು ಕಳಿಸಬೇಕು, ಯಾರಿಗೆ, ಯಾವ ತಿಂಗಳಲ್ಲಿ ಎಂಬುದನ್ನು ಎಷ್ಟೋ ಪ್ರಕಾಶಕರೇ ತಮ್ಮ ತಾಣದಲ್ಲಿ ಬರೆದಿರುತ್ತಾರೆ. ಅದನ್ನು ಓದದೆ ಕಳಿಸಿದ್ದು ಬುಟ್ಟಿಗೆ.

ಅರ್ಜಿ ಬರೆಯುವುದು ಗುಮಾಸ್ತರಾದ ನಮಗೆ ಹೊಸದಲ್ಲ. ಅದೇ ಇಲ್ಲಿ ತೊಡಕು. 'ಬಡ ಕುಟುಂಬದವನು, ದಯಮಾಡಿ ಅವಕಾಶ ಕೊಡಬೇಕು' ಎಂದು ಬರೆಯಬಾರದು. ಹೆಸರು, ಯಾವ ಬಗೆಯ ಚಿತ್ರ ಬರೆಯುತ್ತೀರಿ, ಅವರ ಯಾವ ಪುಸ್ತಕವನ್ನು ನೋಡಿದ್ದೀರಿ, ಚಿತ್ರಗಳು ಎಲ್ಲಿವೆ, ಇಷ್ಟೇ ಐದು ಸಾಲು. ಉತ್ತರ ಬಾರದಿರುವುದೇ ಹೆಚ್ಚು. ಆರು ತಿಂಗಳ ಮೇಲೆ ಹೊಸ ಚಿತ್ರಗಳೊಡನೆ ಮತ್ತೆ ಬರೆಯಬಹುದು. ಅದಕ್ಕೆ ಯಾರೂ ಬೇಸರಪಡುವುದಿಲ್ಲ.

ಯಂತ್ರದಿಂದ ತೆಗೆಸಿದ ಚಿತ್ರವನ್ನು ಸೇರಿಸಲೇಬೇಡಿ. ಪೈಜೊ ಕಂಪನಿ 2023ರ ಮಾರ್ಚಿಯಲ್ಲಿ ಅದನ್ನು ನಿಷೇಧಿಸಿತು. ಅದೇ ವರ್ಷ ಆಗಸ್ಟಿನಲ್ಲಿ, ತನ್ನ ಪುಸ್ತಕವೊಂದರಲ್ಲಿ ಅಂಥ ಕೈವಾಡ ಕಂಡುಬಂದ ಮೇಲೆ, ವಿಜರ್ಡ್ಸ್ ಕೂಡ ಚಿತ್ರಗಾರರಿಗೆ ಅದೇ ಕಟ್ಟು ಹಾಕಿತು. ನೀವು ಮೊದಲು ಗೀಚಿದ ಕಚ್ಚಾ ಹಾಳೆಗಳನ್ನು ಎಸೆಯದೆ ಇಟ್ಟುಕೊಳ್ಳಿ. ಕೇಳಿದರೆ ತೋರಿಸಲು ಅವೇ ಸಾಕ್ಷಿ.

ಕೆಲಸ ಬಂದಿತೆನ್ನಿ. ಬೇಕಾದ ಚಿತ್ರದ ವರ್ಣನೆ ಬರಹದಲ್ಲಿ ಬರುತ್ತದೆ, ನೀವು ಕಚ್ಚಾ ಚಿತ್ರ ಕಳಿಸುತ್ತೀರಿ, ಅವರು ತಿದ್ದುತ್ತಾರೆ, ಬಳಿಕ ಪೂರ್ಣ ಚಿತ್ರ. ಅದಕ್ಕೂ ಮೊದಲು ಕರಾರನ್ನು ಓದಬೇಕು, ಇಂಗ್ಲಿಷು ಕಷ್ಟವಾದರೆ ಇಲ್ಲಿಗೆ ತನ್ನಿ. ಹಣ ಯಾವಾಗ, ಚಿತ್ರ ಒಪ್ಪಿದ ಮೇಲೋ, ಪುಸ್ತಕ ಬಂದ ಮೇಲೋ? ಪುಸ್ತಕ ವರ್ಷ ತಡವಾದರೆ ಹಣವೂ ವರ್ಷ ತಡ. ಅವರೇ ಕೆಲಸ ನಿಲ್ಲಿಸಿದರೆ ಎಷ್ಟು ಕೊಡುತ್ತಾರೆ? ಹಕ್ಕುಗಳು ಪೂರ್ತಿ ಅವರಿಗೋ, ಒಂದು ಪುಸ್ತಕಕ್ಕೆ ಮಾತ್ರವೋ? ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದು ತಿಳಿಯತಕ್ಕದ್ದು. ಆದರೆ ಅಮೆರಿಕದ ಕರಾರುಗಳು ಬಹುಮಟ್ಟಿಗೆ ಅಲ್ಲಿನ ಕಾನೂನನ್ನೇ ಹೇಳುತ್ತವೆ, ಎಲ್ಲ ಹಕ್ಕನ್ನೂ ಕೊಂಡುಕೊಳ್ಳುತ್ತವೆ. ಅದು ಅನ್ಯಾಯವೆಂದು ನಾನು ಹೇಳಲಾರೆ, ತಿಳಿದು ಸಹಿ ಹಾಕಿದರಾಯಿತು. ಅದೇ ಚಿತ್ರವನ್ನು ನಿಮ್ಮ ಸಂಪುಟದಲ್ಲಿ ತೋರಿಸಲು ಅನುಮತಿಯನ್ನಾದರೂ ಕೇಳಿಕೊಳ್ಳಿ. ಅಮೆರಿಕದವರಾದರೆ ಡಬ್ಲ್ಯು-8 ಬೆನ್ ಎಂಬ ತೆರಿಗೆಯ ನಮೂನೆಯನ್ನೂ ತುಂಬಿಸಿಕೊಳ್ಳುತ್ತಾರೆ, ಅದಕ್ಕೆ ಹೆದರಬೇಡಿ. ನೀವು ಅಮೆರಿಕದ ಪ್ರಜೆಯಲ್ಲವೆಂಬ ಹೇಳಿಕೆ ಅದು.

ಕೆಲಸ ಕೊಡುವವನು ಚಿತ್ರಗಾರನಿಂದ ಹಣ ಕೇಳುವುದಿಲ್ಲ. ನೋಂದಣಿ, ಠೇವಣಿ, ಪರೀಕ್ಷೆಯ ಶುಲ್ಕ, ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡಿ. ಹೆಚ್ಚಿನ ಮೊತ್ತದ ಚೆಕ್ಕು ಕಳಿಸಿ, ಮಿಕ್ಕಿದ್ದನ್ನು ವಾಪಸು ಮಾಡಿ ಎನ್ನುವವರೂ ಇದ್ದಾರೆ. ನೀವು ಹಣ ಕಳಿಸಿದ ಮೇಲೆ ಆ ಚೆಕ್ಕು ತಿರುಗಿ ಬರುತ್ತದೆ.

ವಾಚನಾಲಯದ ಸ್ಕ್ಯಾನರು ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ಉಚಿತವಾಗಿ ದೊರೆಯುತ್ತದೆ. ರಾತ್ರಿಪಾಳಿಯವರು ಮೊದಲೇ ಹೇಳಿದರೆ ಸಂಜೆ ತೆರೆದಿಡುತ್ತೇನೆ. ಚಿತ್ರಗಳನ್ನು ಸುರುಳಿ ಸುತ್ತಿ ತರಬೇಡಿ, ಮಡಿಕೆಯ ಗೆರೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಎರಡು ರಟ್ಟುಗಳ ನಡುವೆ ಇಟ್ಟು ತನ್ನಿ.