ಕುರಿಯ ಹೊಟ್ಟೆಯ ಹುಳು, ಕಾಡಿನ ಜಿಂಕೆ

(ರೈತರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಗಳಲ್ಲಿ ಅಣೆಕಟ್ಟು, ಗಣಿ, ಮರಗಳ ಕಡಿತಲೆ ಮೊದಲಾದ ವಿಷಯಗಳು ಚರ್ಚೆಗೆ ಬರುವುದು ವಾಡಿಕೆ. ನಾನು ಇಂದು ಆರಿಸಿಕೊಂಡಿರುವುದು ಒಂದು ಅಂಗುಲದ ಆಸುಪಾಸಿನ ಒಂದು ಹುಳುವನ್ನು. ಇದು ಪಶುವೈದ್ಯರ ಕೆಲಸ, ನಮಗೇಕೆ ಎಂದು ತಮಗೆ ಅನಿಸಬಹುದು. ಆದರೆ ಈ ಹುಳು ಕೊಟ್ಟಿಗೆಗೂ ಕಾಡಿಗೂ ನಡುವಣ ಬೇಲಿಯನ್ನು ಮಾನ್ಯ ಮಾಡುವುದಿಲ್ಲ. ಅದನ್ನು ಕೊಲ್ಲಲು ನಾವು ಬಳಸುವ ಔಷಧವೂ ಮಾನ್ಯ ಮಾಡುವುದಿಲ್ಲ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಅವುಗಳಲ್ಲಿ ಬಹುಪಾಲು ಬಯಲುಸೀಮೆಯವು. ನಮ್ಮ ಬೆಟ್ಟದೂರುಗಳಲ್ಲಿ ಇರುವುದು ಹೆಚ್ಚಾಗಿ ಆಡು, ಅಲ್ಲಲ್ಲಿ ಹತ್ತಾರು ಕುರಿ. ಆದರೂ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಗದ್ದೆಗಳಲ್ಲಿ ಮಂದೆ ನಿಲ್ಲಿಸುವ ಪದ್ಧತಿ ಮಲೆನಾಡಿನ ಅಂಚಿನವರೆಗೂ ಇದೆ. ಮಂದೆಯೊಡನೆ ಹಿಕ್ಕೆ ಬರುತ್ತದೆ, ಹಿಕ್ಕೆಯೊಡನೆ ಹುಳುವಿನ ಮೊಟ್ಟೆ ಬರುತ್ತದೆ. ಕುರಿಗೂ ಆಡಿಗೂ ಈ ಹುಳು ಒಂದೇ.

ವಿಜ್ಞಾನದಲ್ಲಿ ಇದರ ಹೆಸರು ಹೀಮಾಂಕಸ್ ಕಂಟಾರ್ಟಸ್. ವಾಸ ಮೆಲುಕು ಹಾಕುವ ಪ್ರಾಣಿಯ ನಾಲ್ಕನೆಯ ಹೊಟ್ಟೆಯಲ್ಲಿ. ಹೆಣ್ಣು ಹುಳುವಿನ ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಹಗ್ಗದಂತೆ ಹೆಣೆದುಕೊಂಡಿರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್. 25 ಕಿಲೋ ತೂಗುವ ಕುರಿಯ ಮೈಯಲ್ಲಿರುವ ರಕ್ತವೇ ಒಂದೂವರೆ ಲೀಟರಿಗಿಂತ ತುಸು ಹೆಚ್ಚು. ಆದ್ದರಿಂದಲೇ ನಿನ್ನೆ ಮೇಯುತ್ತಿದ್ದ ಮರಿ ಇಂದು ಬೆಳಿಗ್ಗೆ ಎದ್ದಿಲ್ಲ ಎಂಬ ಮಾತು ಮಳೆಗಾಲದಲ್ಲಿ ಕೇಳಿಬರುವುದು. ಬೇರೆ ಜಂತುಗಳಂತೆ ಇದು ಭೇದಿಯ ಸೂಚನೆಯನ್ನು ಕೊಡಲೇಬೇಕೆಂದಿಲ್ಲ. ಕಣ್ಣರೆಪ್ಪೆಯ ಒಳಭಾಗ ಬಿಳಿಚುತ್ತದೆ, ದವಡೆಯ ಕೆಳಗೆ ನೀರು ತುಂಬಿದ ಬಾವು ಕಾಣಿಸುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಒಂದು ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆಗಳನ್ನಿಡುತ್ತದೆ. ಒಂದು ಕುರಿಯಲ್ಲಿ 500 ಹೆಣ್ಣು ಹುಳುಗಳಿದ್ದರೆ ಕನಿಷ್ಠ 25 ಲಕ್ಷ ಮೊಟ್ಟೆಗಳು ಪ್ರತಿದಿನ ಹುಲ್ಲಿನ ಮೇಲೆ ಬೀಳುತ್ತವೆ. ಬೆಚ್ಚನೆಯ ತೇವದಲ್ಲಿ ಅವು ನಾಲ್ಕರಿಂದ ಏಳು ದಿನಗಳಲ್ಲಿ ರೋಗ ತಗಲಿಸಬಲ್ಲ ಮರಿಹುಳುಗಳಾಗುತ್ತವೆ. ಈ ಹಂತದ ಮರಿಹುಳುವಿನ ಮೈಮೇಲೆ ಹಳೆಯ ಚರ್ಮವೇ ಕವಚವಾಗಿ ಉಳಿದಿರುವುದರಿಂದ ಅದು ಏನನ್ನೂ ತಿನ್ನಲಾರದು. ಮೈಯಲ್ಲಿ ಕೂಡಿಟ್ಟುಕೊಂಡ ಬುತ್ತಿ ಕರಗುವ ತನಕ ಮಾತ್ರ ಅದರ ಆಯುಸ್ಸು. ಬಿಸಿಲು ಹೆಚ್ಚಿದಷ್ಟೂ ಬುತ್ತಿ ಬೇಗ ಮುಗಿಯುತ್ತದೆ. ಹುಲ್ಲಿನ ಮೇಲಿನ ನೀರಿನ ತೆಳುಪೊರೆಯಲ್ಲಿ ಅದು ಮೇಲೇರುತ್ತದೆ, ಆದರೆ ಬಹುತೇಕ ಬುಡದ ಕೆಲವು ಅಂಗುಲಗಳಲ್ಲೇ ಉಳಿಯುತ್ತದೆ. ಇಬ್ಬನಿ ಆರುವ ಮುನ್ನ ಮಂದೆ ಬಿಡಬೇಡಿ ಎನ್ನುವ ಹಿರಿಯರ ಮಾತಿಗೆ ಈ ವಿವರಣೆಯನ್ನು ಕೊಡಬಹುದು. ಅವರಿಗೆ ಸೂಕ್ಷ್ಮದರ್ಶಕದ ಅಗತ್ಯ ಬಿದ್ದಿರಲಿಲ್ಲ.

ಇನ್ನು ಔಷಧದ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

1961ರಲ್ಲಿ ಥಯಾಬೆಂಡಜೋಲ್ ಎಂಬ ಜಂತುನಾಶಕ ಮಾರುಕಟ್ಟೆಗೆ ಬಂದಾಗ ಸಮಸ್ಯೆ ಮುಗಿಯಿತೆಂದೇ ಭಾವಿಸಲಾಯಿತು. 1964ರಲ್ಲಿಯೇ ಅದಕ್ಕೆ ಬಗ್ಗದ ಹೀಮಾಂಕಸ್ ವರದಿಯಾಯಿತು. ನಾವಿಂದು ಬಳಸುವ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್‌ಗಳು ಅದೇ ಕುಟುಂಬದವು. 1981ರಲ್ಲಿ ಐವರ್‌ಮೆಕ್ಟಿನ್ ಬಂದಿತು. ಜಪಾನಿನ ಮಣ್ಣಿನ ಮಾದರಿಯೊಂದರಲ್ಲಿದ್ದ ಸೂಕ್ಷ್ಮಜೀವಿಯಿಂದ ದೊರೆತ ಈ ಔಷಧಕ್ಕಾಗಿ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯೂ ಸಂದಿತು. ಹತ್ತು ವರ್ಷ ತುಂಬುವ ಮುನ್ನವೇ ದಕ್ಷಿಣ ಆಫ್ರಿಕದ ಕುರಿಗಳಲ್ಲಿ ಅದಕ್ಕೂ ಬಗ್ಗದ ಹುಳುಗಳು ಕಂಡುಬಂದವು. 2009ರಲ್ಲಿ ನ್ಯೂಜಿಲೆಂಡಿನಲ್ಲಿ ಹೊಸ ವರ್ಗದ ಮೋನೆಪಾಂಟೆಲ್ ಬಿಡುಗಡೆಯಾಯಿತು. 2013ರ ವೇಳೆಗೆ ಅಲ್ಲಿಯೇ ಅದನ್ನು ಸಹಿಸಿಕೊಂಡು ಬದುಕುವ ಜಂತುಗಳ ವರದಿ ಪ್ರಕಟವಾಯಿತು. ಔಷಧ ಕಂಡುಹಿಡಿಯಲು ದಶಕಗಳು ಬೇಕು, ಹುಳುವಿಗೆ ಕೆಲವು ಮಳೆಗಾಲಗಳು ಸಾಕು.

ಏಕೆ ಹೀಗೆ? ಮಂದೆಯ ಪ್ರತಿಯೊಂದು ಕುರಿಗೂ ಒಂದೇ ದಿನ ಔಷಧ ಕುಡಿಸಿದರೆ ಸಾಯುವುದು ಔಷಧಕ್ಕೆ ಬಗ್ಗುವ ಹುಳುಗಳು. ಬಗ್ಗದ ನಾಲ್ಕು ಉಳಿದು, ಅವುಗಳ ಸಂತಾನವೇ ಹುಲ್ಲುಗಾವಲನ್ನು ತುಂಬುತ್ತದೆ. ಔಷಧ ಕುಡಿಸಿದ ತಕ್ಷಣ ಮಂದೆಯನ್ನು ಹುಳುವಿಲ್ಲದ ಹೊಸ ಬೇಣಕ್ಕೆ ಅಟ್ಟಿದರಂತೂ ಆ ಬೇಣದಲ್ಲಿ ಬಗ್ಗದ ಹುಳುಗಳದೇ ರಾಜ್ಯ. ಕ್ಯಾಲೆಂಡರ್ ನೋಡಿ ಊರಿನ ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ ಔಷಧ ಹಾಕಿಸುವ ಕ್ರಮವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಲೆಕ್ಕದ ಪುಸ್ತಕಕ್ಕೆ ಅದು ಒಳ್ಳೆಯದು, ಹುಳುವಿಗೆ ಇನ್ನೂ ಒಳ್ಳೆಯದು. ಕಡಿಮೆ ಪ್ರಮಾಣದ ಔಷಧವೂ ಇದೇ ಹಾನಿಯನ್ನು ಮಾಡುತ್ತದೆ. ಕಣ್ಣಳತೆಯಲ್ಲಿ ಗೊಟ್ಟ ತುಂಬಬೇಡಿ, ತೂಕ ಮಾಡಿ. ಆಡಿನ ದೇಹ ಹಲವು ಜಂತುನಾಶಕಗಳನ್ನು ಕುರಿಗಿಂತ ಬೇಗ ಹೊರಹಾಕುವುದರಿಂದ ಕುರಿಯ ಅಳತೆ ಆಡಿಗೆ ಸಾಲದೆ ಹೋಗಬಹುದು. ಅದನ್ನು ಪಶುವೈದ್ಯರೇ ನಿರ್ಧರಿಸಬೇಕು. ಗರ್ಭ ಕಟ್ಟಿದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು ಎಂಬುದೂ ನೆನಪಿರಲಿ.

ಹಾಗಾದರೆ ಯಾರಿಗೆ ಕೊಡಬೇಕು? ಮಂದೆಯಲ್ಲಿ ಹುಳುಗಳು ಸಮನಾಗಿ ಹಂಚಿಕೊಂಡಿರುವುದಿಲ್ಲ. ಕೆಲವೇ ಕುರಿಗಳು ಬಹುಪಾಲು ಹುಳುಗಳನ್ನು ಹೊತ್ತಿರುತ್ತವೆ. ಈ ಅರಿವಿನಿಂದ ದಕ್ಷಿಣ ಆಫ್ರಿಕದ ಪಶುವೈದ್ಯರು 1990ರ ದಶಕದಲ್ಲಿ ‘ಫಮಾಚಾ’ ಎಂಬ ಪಟವೊಂದನ್ನು ರೂಪಿಸಿದರು. ಅದರಲ್ಲಿ ಕೆಂಪಿನಿಂದ ಬಿಳಿಯವರೆಗೆ ಐದು ಬಣ್ಣಗಳಿವೆ. ಹಗಲು ಬೆಳಕಿನಲ್ಲಿ ಕುರಿಯ ಕೆಳರೆಪ್ಪೆಯ ಒಳಭಾಗವನ್ನು ಆ ಬಣ್ಣಗಳೊಡನೆ ಹೋಲಿಸುವುದು, ನಾಲ್ಕು ಮತ್ತು ಐದನೆಯ ದರ್ಜೆಯವಕ್ಕೆ ಔಷಧ ಕೊಡುವುದು. ಮೂರನೆಯ ದರ್ಜೆಯ ಮರಿಗಳಿಗೂ ಗಬ್ಬದ ಕುರಿಗಳಿಗೂ ಕೊಡುವುದು ಕ್ಷೇಮ. ಉಳಿದವನ್ನು ಹಾಗೆಯೇ ಬಿಡುವುದು. ಅವುಗಳ ಹೊಟ್ಟೆಯಲ್ಲಿ ಔಷಧ ಕಾಣದ ಹುಳುಗಳು ಉಳಿದು, ಬಗ್ಗದ ಹುಳುಗಳೊಡನೆ ಬೆರೆತು, ಔಷಧದ ಕಸುವನ್ನು ಕಾಯುತ್ತವೆ. ಹುಳುವನ್ನು ಉಳಿಸಿ ಔಷಧವನ್ನು ಉಳಿಸಿಕೊಳ್ಳುವುದು ವಿಚಿತ್ರವೆನಿಸಬಹುದು. ಆದರೆ ಪೂರ್ಣ ನಿರ್ಮೂಲನದ ಹಟ ಎಲ್ಲೆಲ್ಲಿ ನಡೆಯಿತೋ ಅಲ್ಲೆಲ್ಲ ಔಷಧವೇ ಮೊದಲು ಸೋತಿದೆ. ಒಂದು ಎಚ್ಚರಿಕೆ: ಈ ಪಟ ಹೇಳುವುದು ರಕ್ತಹೀನತೆಯನ್ನು ಮಾತ್ರ. ಗದ್ದೆಬಯಲಿನ ಬಸವನಹುಳುವಿನ ಮೂಲಕ ಹರಡುವ ಯಕೃತ್ತಿನ ಚಪ್ಪಟೆಹುಳುವಿನಿಂದಲೂ ರೆಪ್ಪೆ ಬಿಳಿಚುತ್ತದೆ, ಅದಕ್ಕೆ ಐವರ್‌ಮೆಕ್ಟಿನ್ ಕೆಲಸ ಮಾಡುವುದಿಲ್ಲ. ಆದ್ದರಿಂದ ಹಿಕ್ಕೆಯ ಪರೀಕ್ಷೆ ಅಗತ್ಯ.

ಔಷಧದ ಹೊರಗಿನ ದಾರಿಗಳೂ ಇವೆ. ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳಲ್ಲಿ 1990ರ ದಶಕದಲ್ಲಿ ಹುಲ್ಲುಗಾವಲನ್ನು ಹತ್ತು ಭಾಗ ಮಾಡಿ, ಪ್ರತಿ ಭಾಗದಲ್ಲಿ ಮೂರೂವರೆ ದಿನ ಆಡು ಮೇಯಿಸುವ ಪ್ರಯೋಗ ನಡೆಯಿತು. ಮೊಟ್ಟೆ ಮರಿಹುಳುವಾಗುವ ಮೊದಲೇ ಮಂದೆ ಮುಂದೆ ಹೋಗುತ್ತದೆ, ಐದು ವಾರಗಳ ಬಳಿಕ ಮರಳುವ ವೇಳೆಗೆ ಬಹುತೇಕ ಮರಿಹುಳುಗಳು ಬುತ್ತಿ ಮುಗಿದು ಸತ್ತಿರುತ್ತವೆ. ನಮ್ಮಲ್ಲಿ ಹತ್ತು ಬೇಲಿ ಹಾಕುವ ಶಕ್ತಿ ಯಾರಿಗಿದೆ? ಆದರೆ ಊರವರೆಲ್ಲ ಒಪ್ಪಿ ಗೋಮಾಳದ ಒಂದೊಂದು ಪಾಲಿಗೆ ಐದಾರು ವಾರ ವಿಶ್ರಾಂತಿ ಕೊಡುವುದು ಅಸಾಧ್ಯವಲ್ಲ. ಎತ್ತರದ ತಂಪು ಬೇಣಗಳಲ್ಲಿ ಮರಿಹುಳು ಹೆಚ್ಚು ದಿನ ಬದುಕುವುದರಿಂದ ಅಲ್ಲಿ ವಿಶ್ರಾಂತಿಯೂ ದೀರ್ಘವಾಗಬೇಕು. ಆಡು ನೆಲದ ಹುಲ್ಲಿಗಿಂತ ಎತ್ತರದ ಸೊಪ್ಪನ್ನು ಮೇಯುವಷ್ಟು ಕಾಲ ಹುಳುವಿನಿಂದ ದೂರವಿರುತ್ತದೆ. ಸೊಪ್ಪಿನಬೆಟ್ಟ ಬೋಳಾದಾಗ ಅದೂ ಕುರಿಯಂತೆ ಬುಡ ಮೇಯತೊಡಗುತ್ತದೆ. ಬೆಟ್ಟದ ಹಾಳು ಕೊಟ್ಟಿಗೆಯ ರೋಗವಾಗುವ ಬಗೆ ಇದು. ತಳಿಯ ಗುಣವನ್ನೂ ಗಮನಿಸಬೇಕು. ಬಂಗಾಳದ ಸುಂದರಬನ ಸೀಮೆಯ ಗರೋಲ್ ಕುರಿ, ಕೀನ್ಯಾದ ಕೆಂಪು ಮಸಾಯಿ ಕುರಿ ತೇವದ ನೆಲದಲ್ಲಿಯೂ ಹೀಮಾಂಕಸ್‌ಗೆ ಎದುರು ನಿಲ್ಲುತ್ತವೆ. ನಿಮ್ಮ ಮಂದೆಯಲ್ಲಿ ಮಳೆಗಾಲವಿಡೀ ರೆಪ್ಪೆ ಕೆಂಪಾಗಿಯೇ ಉಳಿಯುವ ಕುರಿಯ ಮರಿಯನ್ನು ಸಂತೆಗೆ ಕಳುಹಿಸದೆ ಉಳಿಸಿಕೊಳ್ಳಿ.

ಈಗ ಕಾಡಿಗೆ ಬರೋಣ. (ನಮ್ಮ ಕಾಡುಕುರಿ ಹೆಸರಿಗೆ ಮಾತ್ರ ಕುರಿ, ಜಾತಿಯಲ್ಲಿ ಜಿಂಕೆ. ಆದರೆ ಹುಳುವಿಗೆ ಈ ವ್ಯತ್ಯಾಸ ದೊಡ್ಡದಲ್ಲ.) ಹೀಮಾಂಕಸ್ ಕೃಷ್ಣಮೃಗಗಳಲ್ಲಿಯೂ ದಾಖಲಾಗಿದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಂತಹ ಕಡೆ ಕುರಿ ಮೇಯುವ ಸೀಮೆಯ ನಡುವೆಯೇ ಕೃಷ್ಣಮೃಗಗಳ ಅಭಯಾರಣ್ಯವಿದೆ. ಕಾಡಿನ ಪ್ರಾಣಿಯೇ ನಮ್ಮ ಜಾನುವಾರುಗಳಿಗೆ ರೋಗ ತರುತ್ತದೆ ಎಂಬ ದೂರನ್ನು ಪೂರ್ಣ ಸುಳ್ಳೆನ್ನಲಾಗದು. ಆದರೆ 2014ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಅಲ್ಲಿನ ಕಾಡುಜಿಂಕೆಗಳಲ್ಲಿ ಬೆಂಡಜೋಲ್ ಔಷಧಗಳಿಗೆ ಬಗ್ಗದ ಹೀಮಾಂಕಸ್ ಹುಳುಗಳನ್ನು ಕಂಡರು. ಜಿಂಕೆಗೆ ಯಾರೂ ಔಷಧ ಕುಡಿಸಿರಲಿಲ್ಲ. ಆ ಗುಣ ಕೊಟ್ಟಿಗೆಯಲ್ಲಿ ಬೆಳೆದು ಕಾಡಿಗೆ ಹೋದದ್ದು, ಅಲ್ಲಿಂದ ಬೇರೊಂದು ರೈತನ ಹುಲ್ಲುಗಾವಲಿಗೆ ಸಾಗಬಲ್ಲದು.

ಕಾಡುಪ್ರಾಣಿಗಳಿಗೂ ಉಪ್ಪಿನಲ್ಲಿ ಔಷಧ ಬೆರೆಸಿಟ್ಟರೆ ಆಗದೆ ಎಂದು ಕೆಲವು ಉತ್ಸಾಹಿಗಳು ಕೇಳುವುದುಂಟು. ಅಮೆರಿಕದ ಕೊಲರಾಡೊದಲ್ಲಿ ಕಾಡುಕುರಿಗಳಿಗೆ ಸೇಬಿನ ತಿರುಳಿನಲ್ಲಿ ಔಷಧ ಬೆರೆಸಿ ಕೊಟ್ಟದ್ದುಂಟು. ನನ್ನ ಉತ್ತರ ಬೇಡ ಎಂಬುದೇ. ಯಾವ ಪ್ರಾಣಿ ಎಷ್ಟು ನೆಕ್ಕಿತೆಂದು ತಿಳಿಯದೆ ಅರೆಪ್ರಮಾಣದ ಔಷಧ ಹಂಚಿದಂತಾಗುತ್ತದೆ. ಪ್ರಾಣಿಗಳು ಒಂದೆಡೆ ಗುಂಪುಗೂಡಿ ಹಿಕ್ಕೆಯೂ ಅಲ್ಲಿಯೇ ಕೂಡುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದ ಸೋಯೆ ಕುರಿಗಳಿಗೆ ಒಡೆಯರಿಲ್ಲ. ಅಲ್ಲಿ ರಕ್ತಸಂಬಂಧದಲ್ಲಿ ಕೂಡಿ ಹುಟ್ಟಿದ ಕುರಿಗಳಲ್ಲಿ ಜಂತು ಹೆಚ್ಚಿರುವುದೂ ಕಠಿಣ ಚಳಿಗಾಲದಲ್ಲಿ ಅವೇ ಹೆಚ್ಚು ಸಾಯುವುದೂ ಕಂಡುಬಂದಿತು. ಜಂತುನಾಶಕ ಕೊಟ್ಟಾಗ ಆ ವ್ಯತ್ಯಾಸ ಮಾಯವಾಯಿತು. ಕಾಡಿನಲ್ಲಿ ಹುಳುವೂ ತಳಿಯನ್ನು ಸೋಸುವ ಒಂದು ಜರಡಿ. ಕಾಡುಪ್ರಾಣಿಯನ್ನು ರಕ್ಷಿಸಬೇಕೆಂದರೆ ನಮ್ಮ ಮಂದೆಯ ಹೊರೆಯನ್ನು ಇಳಿಸಬೇಕು, ಬೇಸಿಗೆಯಲ್ಲಿ ಕಾಡಿನ ನೀರುಗುಂಡಿಗಳ ಸುತ್ತ ಮಂದೆ ಬೀಡು ಬಿಡದಂತೆ ನೋಡಿಕೊಳ್ಳಬೇಕು.

ಔಷಧದ ಇನ್ನೊಂದು ದಾರಿಯೂ ಇದೆ. ಐವರ್‌ಮೆಕ್ಟಿನ್‌ನ ಒಂದಂಶ ಸಗಣಿಯಲ್ಲಿ ಹೊರಬಿದ್ದು ಅದರಲ್ಲಿ ಬೆಳೆಯುವ ಸಗಣಿಜೀರುಂಡೆಯ ಮರಿಗಳನ್ನು ಕೊಲ್ಲುತ್ತದೆ. ಸಗಣಿಯನ್ನು ಹೂತು, ಒಣಗಿಸಿ, ಜಂತುವಿನ ಮರಿಗಳನ್ನು ಕಡಿಮೆ ಮಾಡುವ ಕೂಲಿಯಾಳು ಅದೇ. ಜಾನುವಾರಿನ ನೋವುನಿವಾರಕ ಡೈಕ್ಲೋಫಿನ್ಯಾಕ್ ರಣಹದ್ದುಗಳನ್ನು ಬಲಿ ತೆಗೆದುಕೊಂಡು, 2006ರಲ್ಲಿ ಅದರ ಪಶುಬಳಕೆಯನ್ನು ನಿಷೇಧಿಸಬೇಕಾಗಿ ಬಂದದ್ದು ತಮಗೆ ತಿಳಿದಿದೆ. ಜೀರುಂಡೆ ಸತ್ತರೆ ಲೆಕ್ಕ ಇಡುವವರೂ ಇಲ್ಲ.

ಈ ಸುಗ್ಗಿಗೆ ಮಂದೆ ಕರೆಸುವವರಲ್ಲಿ ಒಂದು ವಿನಂತಿ. ಕುರಿಗಾರರ ಮೇಲೆ ತಪ್ಪು ಹೊರಿಸಬೇಡಿ, ಮೊದಲೇ ಮಾತನಾಡಿ. ಹತ್ತು ಕುರಿಗಳ ತಾಜಾ ಹಿಕ್ಕೆಯನ್ನು ಬೇರೆಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿ ಒತ್ತಿ ಕಟ್ಟಿ, ತಂಪಾಗಿಟ್ಟು, ಅದೇ ದಿನ ತಾಲೂಕಿನ ಪಶು ಆಸ್ಪತ್ರೆಗೆ ತಲುಪಿಸಿ. ತಡವಾದರೆ ಮೊಟ್ಟೆ ಒಡೆದು ಎಣಿಕೆಗೆ ಸಿಗುವುದಿಲ್ಲ. ಔಷಧ ಕೊಟ್ಟಿದ್ದರೆ ಹತ್ತರಿಂದ ಹದಿನಾಲ್ಕು ದಿನಗಳ ಬಳಿಕ ಮತ್ತೆ ಎಣಿಸಿ. ಮೊಟ್ಟೆ ಶೇಕಡಾ 95ಕ್ಕಿಂತ ಕಡಿಮೆ ಇಳಿದಿದ್ದರೆ ಆ ಔಷಧ ಅಲ್ಲಿ ಸೋಲುತ್ತಿದೆ ಎಂದು ತಿಳಿಯಬೇಕು. ಸಂತೆಯಿಂದ ತಂದ ಕುರಿಯನ್ನು ಪರೀಕ್ಷೆ, ಔಷಧಗಳಾಗುವವರೆಗೆ ಕೊಟ್ಟಿಗೆಯಲ್ಲೇ ಬೇರೆ ಕಟ್ಟಿ. ಔಷಧ ಕುಡಿಸಿದ ಮೇಲೂ ಎರಡು ದಿನ ಹುಲ್ಲುಗಾವಲಿಗೆ ಬಿಡಬೇಡಿ.

ಊಟದ ಬಳಿಕ ಪಕ್ಕದ ಕೊಟ್ಟಿಗೆಯಲ್ಲಿ ರೆಪ್ಪೆ ನೋಡುವ ಅಭ್ಯಾಸವಿದೆ. ಪಟ ಒಂದೇ ಇರುವುದರಿಂದ ವಿದ್ಯಾರ್ಥಿಗಳು ನಾಲ್ಕು ನಾಲ್ಕು ಜನರಾಗಿ ಬನ್ನಿ. ಬಿಸಿಲು ಮರದ ಮರೆಗೆ ಸರಿಯುವುದರೊಳಗೆ ಮುಗಿಸಬೇಕು, ಮಬ್ಬಿನಲ್ಲಿ ಎಲ್ಲ ರೆಪ್ಪೆಗಳೂ ಬಿಳಿಚಿದಂತೆಯೇ ಕಾಣುತ್ತವೆ.