ತಲೆಯಾಡಿಸಿದರೆ ಒಪ್ಪಿದಂತೆಯೆ?

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಸಭೆಯ ವರದಿಗೆ ಹೋಗಿದ್ದೆ. ರಸ್ತೆ ಅಗಲ ಮಾಡಲು ಜಮೀನು ಬಿಟ್ಟುಕೊಡುವ ವಿಷಯ. ಅಧಿಕಾರಿಗಳು ವಿವರಿಸುತ್ತಾ ಹೋದಂತೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಮಾತುಮಾತಿಗೂ ತಲೆಯಾಡಿಸುತ್ತಿದ್ದರು. ಅವರ ಹೆಸರು ಹಾಕಿ ‘ಜಮೀನು ಬಿಡಲು ಒಪ್ಪಿಗೆ’ ಎಂದು ಬರೆದೆ. ಮೂರನೆಯ ದಿನ ಅಜ್ಜಿ ಮೊಮ್ಮಗನ ಜೊತೆ ಕಚೇರಿಗೇ ಬಂದರು. ‘ನಾನೆಲ್ಲಿ ಒಪ್ಪಿದ್ನಪ್ಪಾ? ಅವರು ಹೇಳಿದ್ದು ಕೇಳಿಸ್ತು ಅಂತ ತಲೆ ಆಡಿಸ್ದೆ’ ಎಂದರು. ತಿದ್ದುಪಡಿ ಅಚ್ಚಾಯಿತು, ಒಳಪುಟದ ಮೂಲೆಯಲ್ಲಿ.

ಅಂದಿನಿಂದ ಈ ಪದಗಳ ಬೆನ್ನುಹತ್ತಿದ್ದೇನೆ. ಕನ್ನಡದಲ್ಲಿ ತಲೆಯೊಂದಕ್ಕೇ ಎಷ್ಟು ಮಾತುಗಳಿವೆ ನೋಡಿ. ತಲೆದೂಗಿದರೆ ಮೆಚ್ಚುಗೆ. ತಲೆ ತಗ್ಗಿಸಿದರೆ ನಾಚಿಕೆ, ಇಲ್ಲವೆ ಅವಮಾನ. ತಲೆಬಾಗಿದರೆ ಗೌರವ, ಕೆಲವು ಸಲ ಸೋಲು. ಗೋಣು ಆಡಿಸಿದರು ಎಂದರೆ ಹಂಗಿನ ಒಪ್ಪಿಗೆ. ಯಜಮಾನ ಕೇಳಿದ್ದಕ್ಕೆಲ್ಲ ಹೌದೆನ್ನುವ ಕೋಲೆಬಸವ ಸುಮ್ಮನೆ ಗಾದೆಮಾತಾಗಲಿಲ್ಲ. ತಲೆಯಾಡಿಸುವುದು ಮಾತ್ರ ಹೌದಿಗೂ ಸೈ, ಅಲ್ಲಕ್ಕೂ ಸೈ, ‘ಕೇಳುತ್ತಿದ್ದೇನೆ’ ಎನ್ನುವುದಕ್ಕೂ ಸೈ.

ನಮ್ಮ ನಾಟ್ಯಶಾಸ್ತ್ರಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಂದಿಕೇಶ್ವರನ ‘ಅಭಿನಯ ದರ್ಪಣ’ ಒಂಬತ್ತು ಶಿರೋಭೇದಗಳನ್ನು ಹೇಳುತ್ತದೆ. ಅದರಲ್ಲಿ ಚಾಮರದ ಹಾಗೆ ತಲೆಯನ್ನು ಅತ್ತಿತ್ತ ತೂಗುವುದು ‘ಪರಿವಾಹಿತ’. ಅನುಮೋದನೆಗೂ ಅದೇ, ವಿಚಾರ ಮಾಡುವುದಕ್ಕೂ ಅದೇ, ವಿರಹಕ್ಕೆ ಕೂಡ! ರಂಗದ ಮೇಲಾದರೆ ಹಾಡಿನ ಸಾಹಿತ್ಯ ಜೊತೆಗಿರುತ್ತದೆ, ನೋಡುವವರಿಗೆ ಗೊಂದಲವಿಲ್ಲ. ಹಳ್ಳಿಯ ಸಭೆಯಲ್ಲಿ ಆ ಅನುಕೂಲವಿಲ್ಲ.

ಇನ್ನು ಕೆಲವು ಮಾತುಗಳಲ್ಲಿ ಮೈಯೇ ಉಳಿದಿಲ್ಲ. ‘ಸಚಿವರು ಮೂಗು ಮುರಿದರು’ ಎಂದು ನಾವು ಬರೆಯುತ್ತೇವೆ. ಮೂಗು ಇದ್ದಲ್ಲೇ ಇರುತ್ತದೆ. ‘ಕೈಚೆಲ್ಲಿದರು’ ಎನ್ನುತ್ತೇವೆ; ಅವರ ಕೈ ಮೇಜಿನ ಮೇಲೇ ಇತ್ತು. ‘ನಕ್ಕರು’ ಎಂದರೆ ಕಂಡದ್ದು. ‘ಹಲ್ಲು ಗಿಂಜಿದರು’ ಎಂದರೆ ನಾವು ಕೊಟ್ಟ ತೀರ್ಪು. ಕಣ್ಣಾರೆ ಕಂಡಂತೆ ತೋರುವ ತೀರ್ಪು ಆದ್ದರಿಂದಲೇ ಓದುಗರು ಅದನ್ನು ಪ್ರಶ್ನಿಸುವುದಿಲ್ಲ.

ನ್ಯಾಯಾಲಯದಲ್ಲಿ ಇಂಥದ್ದೇ ಪ್ರಶ್ನೆ ಜೀವದ ಪ್ರಶ್ನೆಯಾಗಿ ಬಂದದ್ದುಂಟು. 1885ರಲ್ಲಿ ಅಲಹಾಬಾದ್ ಹೈಕೋರ್ಟಿನ ಪೂರ್ಣಪೀಠದ ಮುಂದಿದ್ದ ಅಬ್ದುಲ್ಲಾ ಮೊಕದ್ದಮೆ ಅದು. ಕತ್ತು ಕೊಯ್ಯಲ್ಪಟ್ಟ ದುಲಾರಿ ಎಂಬ ಹೆಣ್ಣುಮಗಳಿಗೆ ಎಚ್ಚರವಿತ್ತು, ಮಾತು ಹೊರಡುತ್ತಿರಲಿಲ್ಲ. ಮ್ಯಾಜಿಸ್ಟ್ರೇಟರು ಒಂದೊಂದೇ ಹೆಸರು ಹೇಳಿ ‘ಇವನೆ?’ ಎಂದು ಕೇಳಿದರು. ಆಕೆ ಕೈಸನ್ನೆಯಲ್ಲಿ ಉತ್ತರಿಸಿದಳು. ಆಮೇಲೆ ತೀರಿಕೊಂಡಳು. ಆ ಸನ್ನೆಯನ್ನು ಮರಣಕಾಲದ ಹೇಳಿಕೆ ಎನ್ನಬಹುದೆ? ಎನ್ನಬಹುದು ಎಂದಿತು ಪೀಠ. ಆದರೆ ಬರಿ ಸನ್ನೆಯಲ್ಲ. ಕೇಳಿದ ಪ್ರಶ್ನೆ ಮತ್ತು ಕೊಟ್ಟ ಸನ್ನೆ, ಎರಡನ್ನೂ ಕೂಡಿಸಿ ಓದಿದಾಗ ಅದು ಮಾತು. ಮಾತನಾಡಲಾಗದವರು ಸನ್ನೆಯಿಂದ ಸಾಕ್ಷ್ಯ ನುಡಿದರೆ ದುಭಾಷಿಗಳ ನೆರವು ಪಡೆಯಬೇಕು, ವಿಡಿಯೊ ಚಿತ್ರೀಕರಣ ಆಗಬೇಕು ಎಂದು 2013ರ ತಿದ್ದುಪಡಿ ಸೇರಿಸಿತು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಂದು ಇಲ್ಲದಿದ್ದದ್ದೂ ಅದೇ: ಪ್ರಶ್ನೆ. ಅಜ್ಜಿಯನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಧಿಕಾರಿಗಳು ಎದುರಿಗಿದ್ದಾಗ ಕೈಕಟ್ಟಿ, ತಲೆಯಾಡಿಸುತ್ತಾ ಕೂರುವುದನ್ನು ಅವರ ತಲೆಮಾರಿಗೆ ಯಾರೂ ಬಾಯಿಬಿಟ್ಟು ಕಲಿಸಬೇಕಿರಲಿಲ್ಲ.

ತಿದ್ದುಪಡಿ ಬರೆದುಕೊಂಡ ಮೇಲೆ ಕೇಳಿದೆ, ‘ಹಾಗಾದರೆ ಜಮೀನು ಕೊಡುವುದಿಲ್ಲ ಎಂದು ಬರೆಯಲೆ ಅಜ್ಜಿ?’ ಅವರು ಸ್ವಲ್ಪ ಹೊತ್ತು ತಲೆಯಾಡಿಸಿದರು. ಪೆನ್ನು ಹಿಡಿದು ಕಾದೆ. ‘ದುಡ್ಡು ಎಷ್ಟು ಕೊಡ್ತಾರಂತೆ, ಅದನ್ನ ಮೊದಲು ಕೇಳಿ ಹೇಳಪ್ಪಾ’ ಎಂದರು.