ಆಟದ ರಾಗಕ್ಕೊಂದು ಒರೆಗಲ್ಲು

1990ರ ದಶಕದಲ್ಲಿ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಗಳು ಕರ್ನಾಟಕದ ಪೇಟೆಗಳಿಗೂ ಬಂದವು. ಅವುಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳು. ಮಕ್ಕಳು 'ಕ್ಯಾಸೆಟ್' ಎಂದು ಕರೆಯುತ್ತಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಸಿಕ್ಕಿಸಿ ಗುಂಡಿ ಒತ್ತಿದರೆ ಮೀಸೆಯ ಮಾರಿಯೋ ಓಡತೊಡಗುತ್ತಿದ್ದ. ಜೊತೆಗೇ ಕುಣಿಯುವಂಥ ಒಂದು ರಾಗ ಶುರುವಾಗುತ್ತಿತ್ತು. ಪಕ್ಕದ ಕೋಣೆಯಲ್ಲಿದ್ದ ಹಿರಿಯರಿಗೆ ಅದು ಗಲಾಟೆ; ಆಡುತ್ತಿದ್ದ ಹುಡುಗರಿಗೆ ಜೀವಮಾನವಿಡೀ ಮರೆಯದ ಹಾಡು. ಇಂಥ ರಾಗಗಳನ್ನು ಎತ್ತಿಕೊಂಡು ಹೊಸದಾಗಿ ಕಟ್ಟುವ ಒಂದು ಕಲೆ ಇಂದು ಬೆಳೆದು ನಿಂತಿದೆ. ಅದಕ್ಕೆ ರೀಮಿಕ್ಸ್ ಎಂದು ಹೆಸರು. ಈ ಕಲೆ ಹೇಗೆ ಬೆಳೆಯಿತು, ಅದರಲ್ಲಿ ವಿಮರ್ಶೆಗೆ ಇಷ್ಟು ದೊಡ್ಡ ಸ್ಥಾನ ಏಕೆ ದೊರೆಯಿತು ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಮೂಲ ಸಂಗೀತದ ಹುಟ್ಟನ್ನು ನೋಡಬೇಕು. 1978ರಲ್ಲಿ ಜಪಾನಿನ ಟೈಟೊ ಕಂಪನಿ ಹೊರತಂದ 'ಸ್ಪೇಸ್ ಇನ್‌ವೇಡರ್ಸ್' ಆಟದಲ್ಲಿ ಇದ್ದದ್ದು ನಾಲ್ಕೇ ಸ್ವರ. ಶತ್ರುಗಳು ಹತ್ತಿರ ಬಂದಂತೆ ಅದರ ವೇಗ ಏರುತ್ತಿತ್ತು. ಆಡುವವನ ಎದೆಬಡಿತವೂ ಏರುತ್ತಿತ್ತು. 1983ರಲ್ಲಿ ಬಂದ ನಿಂಟೆಂಡೊ ಯಂತ್ರಕ್ಕೆ ಐದು ದನಿಗಳಿದ್ದವು. ರಾಗ ನುಡಿಸಲು ಎರಡು, ಮಂದ್ರಕ್ಕೆ ಒಂದು, ತಾಳವಾದ್ಯದ ಭ್ರಮೆ ಹುಟ್ಟಿಸುವ ಗೊರಗೊರ ಸದ್ದಿಗೆ ಒಂದು, ಚಿಕ್ಕ ಚಿಕ್ಕ ಧ್ವನಿಮುದ್ರಿತ ತುಣುಕುಗಳಿಗೆ ಮತ್ತೊಂದು. ಮಾರಿಯೋ ಜಿಗಿದ ಸದ್ದಿಗೂ ಇವುಗಳಲ್ಲೇ ಒಂದನ್ನು ಕಡ ತೆಗೆದುಕೊಳ್ಳಬೇಕಿತ್ತು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟದ ಚಿತ್ರ, ನಿಯಮ, ಸಂಗೀತ ಎಲ್ಲವೂ ಸೇರಿ ಅಡಗಿದ್ದು 40 ಕಿಲೋಬೈಟ್‌ಗಳಲ್ಲಿ. ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಇಷ್ಟು ಇಕ್ಕಟ್ಟಿನಲ್ಲಿ ಕೋಜಿ ಕೊಂಡೊ ಎಂಬ ಸಂಗೀತಕಾರ ಜಗತ್ತೇ ಗುನುಗುವ ರಾಗ ಕಟ್ಟಿದರು.

ಅಮೆರಿಕದ ಕಮೋಡೋರ್ 64 ಕಂಪ್ಯೂಟರಿನದೂ ಇದೇ ಕತೆ. 1982ರಲ್ಲಿ ಬಂದ ಅದರ ಧ್ವನಿ ಚಿಪ್ಪಿಗೆ ಮೂರೇ ದನಿ. ಅದಕ್ಕೆ ಸಂಗೀತ ಬರೆದ ರಾಬ್ ಹಬರ್ಡ್ ಮೊದಲಾದವರು ಮೂರು ಸ್ವರಗಳನ್ನು ಒಂದೇ ದನಿಯಲ್ಲಿ ಮಿಂಚಿನ ವೇಗದಲ್ಲಿ ಒಂದರ ಹಿಂದೊಂದು ನುಡಿಸುವ ಉಪಾಯ ಬಳಸಿದರು. ಕಿವಿ ಅದನ್ನು ಒಟ್ಟಿಗೆ ನುಡಿದ ಸ್ವರಗುಚ್ಛವೆಂದೇ ನಂಬುತ್ತಿತ್ತು. ಯಂತ್ರ ಹೆಜ್ಜೆ ಹೆಜ್ಜೆಗೂ 'ಬೇಡ, ಆಗದು' ಎನ್ನುತ್ತಿತ್ತು. ಆ ನಿರಾಕರಣೆಯೇ ಅವರಿಂದ ಅನಗತ್ಯವಾದ ಒಂದು ಸ್ವರವೂ ಇಲ್ಲದ ಸಂಗೀತವನ್ನು ಬರೆಸಿತು.

ಇಂಥ ಸಂಗೀತದಲ್ಲಿ ಹೇಳದೆ ಬಿಟ್ಟದ್ದು ಬಹಳ. ಬಿಟ್ಟ ಜಾಗ ತುಂಬುವ ಆಸೆ ಬೇಗನೆ ಹುಟ್ಟಿತು. ಜಪಾನಿನ ಹೆಸರಾಂತ ಸಂಗೀತಗಾರ ಹರುಒಮಿ ಹೊಸೊನೊ 1984ರಲ್ಲೇ ನಾಮ್ಕೊ ಕಂಪನಿಯ ಆಟಗಳ ಸಂಗೀತವನ್ನು ಧ್ವನಿಮುದ್ರಿಕೆಯಾಗಿ ಹೊರತಂದರು. 'ಡ್ರ್ಯಾಗನ್ ಕ್ವೆಸ್ಟ್' ಆಟಕ್ಕೆ ಕೊಯಿಚಿ ಸುಗಿಯಾಮ ಬರೆದ ಸಂಗೀತ 1987ರಲ್ಲಿ ಟೋಕಿಯೋದ ಸಂಟೋರಿ ಹಾಲ್‌ನಲ್ಲಿ ವಾದ್ಯವೃಂದದಿಂದ ಮೊಳಗಿತು. ಇನ್ನು 1989ರ ಗೇಮ್ ಬಾಯ್ ಯಂತ್ರದಲ್ಲಿ 'ಟೆಟ್ರಿಸ್' ಆಡಿದವರೆಲ್ಲ ಬಲ್ಲ ರಾಗ ಮೂಲತಃ 'ಕೊರೊಬೆಯ್ನಿಕಿ' ಎಂಬ ರಷ್ಯನ್ ಜನಪದ ಗೀತೆ. ಆಟದ ಸಂಗೀತವೇ ಕೆಲವೊಮ್ಮೆ ಮರುಜೋಡಣೆಯ ಫಲ ಎಂಬುದಕ್ಕೆ ಇದು ಸಾಕ್ಷಿ.

ಇವೆಲ್ಲ ವೃತ್ತಿಪರರ ಕೆಲಸ. ಮನೆಯ ಕಂಪ್ಯೂಟರಿನಲ್ಲೇ ಸಂಗೀತ ಕಟ್ಟುವ ಸೌಕರ್ಯ ಬಂದಾಗ ಹವ್ಯಾಸಿಗಳೂ ಇಳಿದರು. ಈಗ ಐದು ದನಿಗಳ ಕಟ್ಟಳೆಯಿಲ್ಲ. ಐವತ್ತು ಪಿಟೀಲು ಬೇಕೆಂದರೆ ಐವತ್ತು. ಯಂತ್ರ 'ಬೇಡ' ಎನ್ನುವುದನ್ನು ನಿಲ್ಲಿಸಿತು. ಹಾಗಾದರೆ ಆ ಮಾತನ್ನು ಹೇಳುವವರು ಯಾರು?

1999ರಲ್ಲಿ ಅಮೆರಿಕದ ಡೇವಿಡ್ ಲಾಯ್ಡ್ ಸ್ಥಾಪಿಸಿದ 'ಓವರ್‌ಕ್ಲಾಕ್ಡ್ ರೀಮಿಕ್ಸ್' ಎಂಬ ಬಳಗ ಈ ಪ್ರಶ್ನೆಗೆ ಒಂದು ಉತ್ತರ ಕಂಡುಕೊಂಡಿತು. ಹಳೆಯ ಆಟಗಳ ರಾಗಗಳಿಗೆ ಹೊಸ ರೂಪ ಕೊಟ್ಟು ಉಚಿತವಾಗಿ ಹಂಚುವುದು ಅದರ ಕೆಲಸ. ಬಂದದ್ದನ್ನೆಲ್ಲ ಅದು ಸ್ವೀಕರಿಸುವುದಿಲ್ಲ. ತೀರ್ಪುಗಾರರ ಮಂಡಲಿಯೊಂದು ಪ್ರತಿ ರಚನೆಯನ್ನೂ ಕೇಳಿ ಮತ ಹಾಕುತ್ತದೆ. ಅವರೂ ಸ್ವತಃ ಇಂಥ ಸಂಗೀತ ಕಟ್ಟಿದವರೇ ಆಗಿರುವುದು ಸಾಮಾನ್ಯ. ತಿರಸ್ಕರಿಸಿದರೆ ಕಾರಣ ಬರೆದು ತಿಳಿಸುತ್ತಾರೆ. ತಿದ್ದಿ ಮತ್ತೆ ಕಳಿಸಲು ಅವಕಾಶವಿದೆ. ಹೀಗೆ ಆಯ್ಕೆಯಾದ ರಚನೆಗಳು ಇಂದು 4,000ಕ್ಕೂ ಹೆಚ್ಚು.

ಅವರು ಹಿಡಿಯುವ ಒರೆಗಲ್ಲಿಗೆ ಎರಡು ಮುಖ. ಒಂದು, ರಚನೆ. ಮೂಲ ರಾಗ ಗುರುತು ಸಿಗಬೇಕು, ಆದರೆ ಅದರ ನಕಲಾಗಬಾರದು. ಅದೇ ಸ್ವರ, ಅದೇ ಗತಿ ಇಟ್ಟುಕೊಂಡು ವಾದ್ಯ ಮಾತ್ರ ಬದಲಿಸಿದರೆ ಅದು ಹಳೆಯ ಗೋಡೆಗೆ ಹೊಸ ಸುಣ್ಣ. ರಾಗವೇ ಕಾಣದಷ್ಟು ದೂರ ಹೋದರೆ ಆ ಹೆಸರು ಹೇಳುವ ಹಕ್ಕೇ ಇಲ್ಲ. ಇನ್ನೊಂದು ತೊಡಕು ಆಟದ ಸಂಗೀತಕ್ಕೇ ವಿಶಿಷ್ಟವಾದದ್ದು. ಆಡುವವನು ನಿಲ್ಲಿಸುವವರೆಗೆ ಸುತ್ತುತ್ತಲೇ ಇರಬೇಕಾದ್ದರಿಂದ ಮೂಲ ರಾಗಕ್ಕೆ ಮುಕ್ತಾಯವೇ ಇರುವುದಿಲ್ಲ. ಮರುಜೋಡಿಸುವವನು ಆರಂಭ, ಬೆಳವಣಿಗೆ, ಕೊನೆ ಮೂರನ್ನೂ ತಾನೇ ಕಲ್ಪಿಸಬೇಕು. ಎರಡನೆಯ ಅರ್ಧದಲ್ಲಿ ಮೊದಲರ್ಧವನ್ನೇ ಅಂಟಿಸಿ, ದನಿ ತಗ್ಗಿಸುತ್ತ ಮುಗಿಸಿದರೆ ತೀರ್ಪುಗಾರರ ಕಿವಿಗೆ ತಕ್ಷಣ ತಿಳಿಯುತ್ತದೆ.

ಎರಡನೆಯದು ಧ್ವನಿಯ ಹದ. ಕಂಪ್ಯೂಟರ್ ಬಾರಿಸುವ ಮದ್ದಳೆಯ ಪ್ರತಿ ಪೆಟ್ಟೂ ಒಂದೇ ತೂಕದಲ್ಲಿ ಬಿದ್ದರೆ ಅದಕ್ಕೆ ಜೀವವಿಲ್ಲ. ಮನುಷ್ಯನ ಕೈ ಹಾಗೆ ಬಾರಿಸದು. ಮಂದ್ರದ ಎರಡು ವಾದ್ಯಗಳು ಒಂದೇ ಜಾಗಕ್ಕೆ ನುಗ್ಗಿದರೆ ಧ್ವನಿ ಕೆಸರಾಗುತ್ತದೆ. ಎಲ್ಲವನ್ನೂ ಜೋರಾಗಿಸಿದರೆ ಯಾವುದೂ ಜೋರಾಗಿ ಕೇಳುವುದಿಲ್ಲ.

ಇಂಥ ತೀರ್ಪು ಕೇಳುವುದು ಸುಲಭವಲ್ಲ. ಬಾಲ್ಯದ ಪ್ರೀತಿಯ ರಾಗಕ್ಕೆ ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು ಕೊಟ್ಟ ರೂಪವನ್ನು ಅಪರಿಚಿತರು ಬೇಡವೆಂದರೆ ನೋವಾಗುವುದು ಸಹಜ. ಆದರೆ ತೊಡಕಿರುವುದೂ ಆ ಪ್ರೀತಿಯಲ್ಲೇ. ಕಟ್ಟಿದವನು ತನ್ನ ರಚನೆಯನ್ನು ಕೇಳುವಾಗ ಸ್ಪೀಕರಿನಿಂದ ಬರುವುದನ್ನಷ್ಟೇ ಕೇಳುವುದಿಲ್ಲ. ನೆನಪಿನಲ್ಲಿರುವ ರಾಗವನ್ನೂ ಅದಕ್ಕೆ ಬೆರೆಸಿಕೊಳ್ಳುತ್ತಾನೆ. ಆ ನೆನಪಿಲ್ಲದ ಕಿವಿಗೆ ಮಾತ್ರ ಅಲ್ಲಿ ನಿಜವಾಗಿ ಏನಿದೆ, ಏನಿಲ್ಲ ಎಂಬುದು ಕೇಳಿಸುತ್ತದೆ.

ಹಾಗೆಂದು ಟೀಕೆಯೆಲ್ಲ ವಿಮರ್ಶೆಯಲ್ಲ. 'ಚೆನ್ನಾಗಿಲ್ಲ' ಎಂಬ ಮಾತಿನಿಂದ ಯಾರೂ ಏನೂ ಕಲಿಯರು. ಎರಡನೆಯ ನಿಮಿಷದಲ್ಲಿ ಮಂದ್ರವು ರಾಗವನ್ನು ನುಂಗುತ್ತಿದೆ ಎಂದರೆ ತಿದ್ದಲು ದಾರಿ ಸಿಗುತ್ತದೆ. 'ಅದ್ಭುತ' ಎಂಬ ಬರಿಯ ಹೊಗಳಿಕೆಯೂ ಅಷ್ಟೇ ನಿಷ್ಪ್ರಯೋಜಕ. ತೀರ್ಪುಗಾರರೂ ತಪ್ಪಬಲ್ಲರು, ಒಂದೇ ರಚನೆಗೆ ಅವರ ಮತ ಇಬ್ಭಾಗವಾಗುವುದೂ ಉಂಟು. ಎಲ್ಲರೂ ಅವರ ಅಭಿರುಚಿಯನ್ನೇ ಅನುಸರಿಸಿದರೆ ಎಲ್ಲ ಸಂಗೀತವೂ ಒಂದೇ ಅಚ್ಚಿನದಾಗುವ ಅಪಾಯವಿದೆ. ಆದ್ದರಿಂದ ಸಲಹೆಯನ್ನು ಪೂರ್ತಿ ಕೇಳುವುದು ಕರ್ತವ್ಯ, ಒಪ್ಪುವುದು ಬಿಡುವುದು ಕಟ್ಟಿದವನ ಹಕ್ಕು.

ಈ ಶಿಸ್ತಿನ ಫಲ ಕಣ್ಣಿಗೆ ಕಾಣುವಂತಿದೆ. 2008ರಲ್ಲಿ ಕ್ಯಾಪ್‌ಕಾಮ್ ಕಂಪನಿ ತನ್ನ ಪ್ರಸಿದ್ಧ 'ಸ್ಟ್ರೀಟ್ ಫೈಟರ್' ಆಟದ ನವೀಕೃತ ಆವೃತ್ತಿಯೊಂದಕ್ಕೆ ಇದೇ ಹವ್ಯಾಸಿ ಬಳಗದ ಸಂಗೀತವನ್ನು ಬಳಸಿಕೊಂಡಿತು. 2022ರಲ್ಲಿ '8-ಬಿಟ್ ಬಿಗ್ ಬ್ಯಾಂಡ್' ಎಂಬ ತಂಡ 'ಕರ್ಬಿ' ಆಟದ ರಾಗವೊಂದಕ್ಕೆ ಕೊಟ್ಟ ಜಾಜ್ ರೂಪಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. 2023ರಲ್ಲಿ ಕೊಂಡೊ ಅವರ ಮಾರಿಯೋ ರಾಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿತು. ಆ ಪಟ್ಟಿಗೆ ಸೇರಿದ ಮೊದಲ ವಿಡಿಯೋ ಗೇಮ್ ಸಂಗೀತ ಅದು.

ಅಂದು ಕೊಂಡೊ ಅವರ ಕೈ ಹಿಡಿದು ನಿಲ್ಲಿಸುತ್ತಿದ್ದುದು ಐದು ದನಿಗಳ ಯಂತ್ರ. ಇಂದಿನ ಯಂತ್ರ ಕೇಳಿದ್ದಕ್ಕೆಲ್ಲ 'ಆಗಲಿ' ಎನ್ನುತ್ತದೆ. ನಿಲ್ಲಿಸಿ ಯೋಚಿಸುವಂತೆ ಮಾಡುವ ಕೆಲಸ ಈಗ ಉಳಿದಿರುವುದು ಕೊನೆಯವರೆಗೂ ಕೇಳಿ, ಕಾರಣ ಕೊಟ್ಟು, 'ಇನ್ನೊಮ್ಮೆ ಪ್ರಯತ್ನಿಸಿ' ಎನ್ನುವ ಕೇಳುಗನಿಗೆ ಮಾತ್ರ.